ತೌಡಿಗೆ ಮಾರಿದ ಮಗ

"ಸುರು ಮಾಡಿದ ಕೆಲಸ ಅರ್ಧಕ್ಕ ಬಿಟ್ಟು ಹೋಗ್ತಾನೇನು?" ಡಾಕ್ಟರಮ್ಮ ಹಾಳೆಯಿಂದ ತಲೆ ಎತ್ತದೆ ಕೇಳಿದರು.

"ಹೋಗ್ತಾನ್ರೀ. ಹಾಳಾದಂವ, ಯಾವುದನ್ನ ಮುಗಿಸ್ಯಾನ?" ಎಂದಳು ಆದಮ್ಮ.

"ತನ್ನ ಪಾಳಿ ಬರೋತನಕ ತಡಕೊಳ್ಳಂಗಿಲ್ಲೇನು?"

"ತಡಕೊಳ್ಳೋ ಕೂಸೇನ್ರೀ ಅದು? ಮಂಗ್ಯಾ ಅದು, ಮಂಗ್ಯಾ."

ಗಮನ ನಿಲ್ಲದ ಮಕ್ಕಳ ತಪಾಸಣೆ ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ರಾಯಚೂರಿನಿಂದ ಬಂದಿದ್ದ ಡಾಕ್ಟರಮ್ಮ ಸಿಂಧನೂರಿನ ಆ ಸೆಕೆಯ ಕೋಣೆಯಲ್ಲಿ ಬೆಳಿಗ್ಗೆಯಿಂದ ಇದೇ ಪ್ರಶ್ನೆಗಳನ್ನು ಓದುತ್ತಿದ್ದರು. ಒಂದೊಂದು ಪ್ರಶ್ನೆಯ ಮುಂದೆಯೂ ನಾಲ್ಕು ಮನೆಗಳಿದ್ದವು: ಇಲ್ಲ, ಸ್ವಲ್ಪ, ಬಹಳ, ಯಾವಾಗಲೂ. ಆದಮ್ಮನ ಮಗ ಪಕೀರಪ್ಪನ ಹಾಳೆಯಲ್ಲಿ ಗುರುತುಗಳೆಲ್ಲ ಕೊನೆಯ ಮನೆಗೇ ಬೀಳುತ್ತಿದ್ದವು. ಡಾಕ್ಟರ ಚೀಟಿ ತರುವವರೆಗೆ ಹುಡುಗನನ್ನು ಕ್ಲಾಸಿನೊಳಗೆ ಬಿಡುವುದಿಲ್ಲ ಎಂದು ಊರಿನ ಮಾಸ್ತರರು ಹೇಳಿದ್ದರು. ಮಾಸ್ತರರಿಗೆ ತನ್ನ ಮಗನ ಮೇಲೆ ಏನೋ ಸಿಟ್ಟು, ಡಾಕ್ಟರಮ್ಮ ಒಮ್ಮೆ ಕಣ್ಣಿನಿಂದ ನೋಡಿದರೆ ಚೀಟಿ ಕೊಟ್ಟುಬಿಡುತ್ತಾರೆ ಎಂದುಕೊಂಡು ಆದಮ್ಮ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿದ್ದಳು.

ಪಕೀರಪ್ಪನಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಇವನಾದರೂ ಉಳಿಯಲೆಂದು ಹುಟ್ಟಿದ ದಿನವೇ ನೆರೆಮನೆಯ ಕರೀಮಾಬಿಗೆ ಒಂದು ಮೊರ ತೌಡಿಗೆ ಮಾರಿ, ಫಕೀರನ ಹೆಸರಿಟ್ಟು, ಯಾರದೋ ಕೂಸನ್ನು ಸಾಕುವವಳಂತೆ ಎದೆಗೆ ಹಾಕಿಕೊಂಡಿದ್ದಳು ಆದಮ್ಮ. ಅಂದಿನಿಂದ ಅವನ ಬಗ್ಗೆ ಅವಳ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬಂದಿರಲಿಲ್ಲ. ಹೆತ್ತವಳು ಹೊಗಳಿದರೆ ದೃಷ್ಟಿ ತಾಗುತ್ತದೆ. ಅವಳು ಬೈದದ್ದನ್ನು ಓಣಿಯಲ್ಲಿ ಯಾರೂ ನಿಜವೆಂದು ತಿಳಿದವರಲ್ಲ. ಈ ಡಾಕ್ಟರಮ್ಮ ಮಾತ್ರ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಾರೆ. ಆದಮ್ಮನಿಗೆ ನಿಧಾನವಾಗಿ ದಿಗಿಲು ಹತ್ತಿತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕಣ್ಣು ಒತ್ತಿಕೊಂಡರು. "ದೃಷ್ಟಿಗೆ ಅಂಜಿ ಹಿಂಗ ಹೇಳಾಕತ್ತಿಯೇನವ್ವ? ಮುಂಜಾನಿಂದ ಬಂದ ತಾಯಂದಿರೆಲ್ಲಾ ಇದನ್ನ ಮಾಡ್ಯಾರ. ಹುಡುಗಗ ಗುಳಗಿ ಕೊಡಬೇಕೋ ಬ್ಯಾಡೋ ಅನ್ನೋದು ನಿನ್ನ ಮಾತಿನ ಮ್ಯಾಲ ಅದ. ಖರೇ ಹೇಳು."

ಆದಮ್ಮ ಬಾಯಿ ತೆರೆದಳು. ಎಲ್ಲಿ ಹೊಗಳಿಬಿಡುತ್ತೇನೋ ಎಂದು ಅಂಜಿ ಬಾಗಿಲ ಕಡೆ ಕೈ ತೋರಿಸಿದಳು.

"ನನ್ನ ಕೇಳಬ್ಯಾಡ್ರೀ ಅಮ್ಮಾರ. ಹೊರಗ ಹುಡುಗನ್ನ ಹಿಡಕೊಂಡು ಕರೀಮಾಬಿ ಕುಂತಾಳ. ಇವನ್ನ ಕೊಂಡಾಕಿ ಆಕಿ. ದಿನಾ ಆಕಿ ಮನ್ಯಾಗ ಇರ್ತಾನ. ಆಕಿ ಬಾಯಿಲೆ ಕೇಳ್ರೀ."

ಕರೀಮಾಬಿ ಹುಡುಗನ ರಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. ಅವನು ಇನ್ನೊಂದು ಕೈಯಿಂದ ಬಾಗಿಲ ಚಿಲಕವನ್ನು ಟಪಟಪ ಬಡಿಯತೊಡಗಿದ. ಡಾಕ್ಟರಮ್ಮ ಹೊಸ ಹಾಳೆ ತೆಗೆದು ಮೊದಲಿನಿಂದ ಓದಿದರು. ಕರೀಮಾಬಿ ಆದಮ್ಮನ ಮುಖ ನೋಡಿದಳು.

"ಹೇಳಬೇ, ಅಂಜಬ್ಯಾಡ" ಎಂದಳು ಆದಮ್ಮ.

"ಊಟಕ್ಕ ಕುಂತ್ರ ಎರಡು ತುತ್ತಿಗೆ ಎದ್ದು ಓಡ್ತಾನ್ರೀ. ಕರದ್ರ ಕೇಳಂಗಿಲ್ಲ. ಬೇಕಂತ ಮಾಡಂಗಿಲ್ರೀ, ಅವನ ಕಿವೀಗೆ ಮುಟ್ಟಂಗಿಲ್ಲ."

ಆದಮ್ಮ ನಕ್ಕಳು. "ಸಾಕು ಬಿಡಬೇ! ಇಲ್ಲಿ ದೃಷ್ಟಿ ಹಾಕೋರು ಯಾರದಾರ? ಎರಡು ಒಳ್ಳೇ ಮಾತು ಹೇಳಲಂತ ಕರದ್ರ ನೀನೂ ಸುರು ಮಾಡಿದಿ."

ಕರೀಮಾಬಿ ನಗಲಿಲ್ಲ. "ಮೊನ್ನಿ ಕಾಲುವಿ ದಂಡಿಗೆ ಹೋಗಿದ್ದ. ಅವತ್ತಿಂದ ಕಾಲಿಗೆ ಹಳೇ ಸೀರಿ ಕಟ್ಟಿ ಹೊಲಿಗಿ ಮಿಷನ್ನಿಗೆ ಬಿಗೀತೀನ್ರೀ. ಅದನ್ನೂ ಬಿಚ್ಚಿ ಓಡ್ತಾನ. ಮಾಸ್ತರು ಹೇಳಿದ್ದು ಸುಳ್ಳಲ್ಲ ಆದಮ್ಮ."

"ನಾ ಬಂದಾಗ ಸುಮ್ಮನ ಮಲಗಿರ್ತಾನಲ್ಲ..."

"ನೀ ಗದ್ದ್ಯಾಗ ನೆಲ್ಲು ಹಚ್ಚಾಕ ಹೋದಮ್ಯಾಲ ಏಳ್ತಾನ. ನೀ ಬರೋದ್ರೊಳಗ ದಣದು ಬಿದ್ದಿರ್ತಾನ. ಅವನ್ನ ನೀ ಮಲಗಿದ್ದಷ್ಟ ನೋಡೀದಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕೂಲಿ ಬಿಟ್ಟು ಮನ್ಯಾಗ ಕೂಡ್ತಿದ್ದಿ. ಏನ್ ತಿಂತಿದ್ರಿ ಇಬ್ಬರೂ?"

ಹುಡುಗ ಚಿಲಕ ಬಡಿಯುತ್ತಲೇ ಇದ್ದ. ಡಾಕ್ಟರಮ್ಮನ ಪೆನ್ನು ಮೆಲ್ಲಗೆ ಇಳಿಯುತ್ತಿತ್ತು. ಹೊಸ ಹಾಳೆಯಲ್ಲೂ ಗುರುತುಗಳು ಅದೇ ಕೊನೆಯ ಮನೆಗೆ ಹೋಗುತ್ತಿರುವುದನ್ನು, ಓದಲು ಬಾರದ ಆದಮ್ಮ, ಕುಳಿತಲ್ಲಿಂದಲೇ ನೋಡಿದಳು. ಇಷ್ಟು ವರ್ಷ ಅವಳು ಆಡಿದ ಸುಳ್ಳುಗಳೆಲ್ಲ ಅಲ್ಲಿ ನಿಜವಾಗಿ ಸಾಲಾಗಿ ನಿಂತಿದ್ದವು.

"ಅಂಜಬ್ಯಾಡವ್ವ" ಎಂದರು ಡಾಕ್ಟರಮ್ಮ, ದಣಿದ ದನಿಯಲ್ಲಿ. "ಇದಕ್ಕ ದವಾ ಅದ."

ಆದಮ್ಮ ತಟ್ಟನೆ ಎದ್ದು ನಿಂತಳು. "ಇಲ್ರೀ! ಬರದಿದ್ದನ್ನ ಹೊಡದು ಹಾಕ್ರಿ, ನಾ ಹೇಳ್ತೀನಿ ಬರ್ಕೋರಿ. ನನ್ನ ಮಗ ಶಾಣ್ಯಾ ಅದಾನ್ರೀ. ಕುಂತಲ್ಲಿ ಕುಂತಿರ್ತಾನ, ಹೇಳಿದ್ದು ಕೇಳ್ತಾನ. ಬಂಗಾರದಂಥಾ ಹುಡುಗ, ನಮ್ಮ ಓಣ್ಯಾಗ ಅವನಂಥಾ ಕೂಸು..."

"ಯಾ ಅಲ್ಲಾ!" ಕರೀಮಾಬಿ ಹುಡುಗನನ್ನು ಬಿಟ್ಟು ಓಡಿಬಂದು ಎರಡೂ ಕೈಗಳಿಂದ ಅವಳ ಬಾಯಿ ಮುಚ್ಚಿದಳು. ಬೆರಳುಗಳ ಸಂದಿಯಿಂದ "ಬಂಗಾರ, ಬಂಗಾರ" ಎನ್ನುವುದು ಇನ್ನೂ ಕೇಳುತ್ತಲೇ ಇತ್ತು.