ಟೇಕ್‌ನ ನೆಂಟರು

ವಾಕರ್ ಹಿಡಿದು ನಿಂತಿದ್ದ ಅಜ್ಜಿಯ ಕಾಲು ನಡುಗತೊಡಗಿತು. ಮಂಡಿಯ ಆಪರೇಷನ್ ಆದ ಮೇಲೆ ಅವರು ಇಡಬೇಕಾಗಿದ್ದ ಮೊದಲ ಹೆಜ್ಜೆ ಅದು. ಆ ವಿದೇಶಿ ಅಜ್ಜಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಅವರನ್ನು ನಡೆಸಬೇಕಿದ್ದ, ಫಿಸಿಯೋಥೆರಪಿ ಕಲಿಯುತ್ತಿದ್ದ ಹುಡುಗಿಗೆ ಇಂಗ್ಲಿಷ್ ಪದಗಳು ಗೊತ್ತಿದ್ದರೂ ಜೋಡಿಸಿ ಮಾತಾಡಲು ಬರುತ್ತಿರಲಿಲ್ಲ. "ಇವತ್ತೂ ಬಾಯಿ ಬಿಡ್ಲಿಲ್ಲ ಅಂದ್ರೆ ನಿನ್ನನ್ನ ರೋಗಿಗಳ ಹತ್ರ ಕಳಿಸಲ್ಲಮ್ಮ" ಎಂದಿದ್ದ ಅವಳ ಕಾಲೇಜಿನ ಮೇಡಂ, ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

ಉಸಿರು ಎಳೆದುಕೊಳ್ಳಿ ಎನ್ನಬೇಕು. 'ಬ್ರೆತ್' ಗೊತ್ತು, ಅದರ ಮುಂಚೆ ಯಾವ ಪದ ಬರಬೇಕು? ಡೂ? ಮೇಕ್? ಮನೆಯಲ್ಲಿ ತಟ್ಟೆ ತೊಳೆಯುತ್ತ ಅಕ್ಕ ರೇಗಿಸುತ್ತಿದ್ದುದು ನೆನಪಾಯಿತು: "ಒಂಟಿ ಪದ ಕಲೀಬೇಡ ಕಣೇ, ಜೊತೇಲಿ ಬರೋ ನೆಂಟರ ಸಮೇತ ಕಲಿ. ಟೇಕ್ ಬಂದ್ರೆ ಹಿಂದೇನೇ ಯಾರ್ಯಾರು ಬರ್ತಾರೆ, ಹೇಳು ನೋಡೋಣ!"

ಹುಡುಗಿ ಅಜ್ಜಿಯ ಬೆನ್ನಿಗೆ ಅಂಗೈ ಒತ್ತಿದಳು. "ಟೇಕ್ ಎ ಡೀಪ್ ಬ್ರೆತ್." ಪದಗಳೆಲ್ಲ ಕೈಕೈ ಹಿಡಿದುಕೊಂಡೇ ಹೊರಬಂದವು. ಅಂಗೈಯ ಕೆಳಗೆ ಅಜ್ಜಿಯ ಬೆನ್ನು ಉಬ್ಬಿ ಇಳಿಯಿತು, ಕಾಲಿನ ನಡುಕ ನಿಂತಿತು, ಪಾದ ಮುಂದೆ ಬಂತು. ಏನೋ ಹೇಳಲು ಮೇಡಂ ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿಯ ಗಟ್ಟಿ ದನಿ ಇಡೀ ಕೋಣೆಗೆ ಕೇಳಿಸಿತು: "ವೆರಿ ಗುಡ್! ನೌ ಟೇಕ್ ಅನದರ್ ಸ್ಟೆಪ್!"