ಯಾವ ಹೊಲದ ಮರ?

ಹಲಗೆಯ ಬೆನ್ನಿನ ಮೇಲಿದ್ದ ಮುದ್ರೆಯನ್ನು ಮೊದಲು ಕಂಡವನು ಕಾಹಲ್. ಕಂಡವನೇ ಹಲಗೆಯನ್ನು ಗೋಡೆಯಿಂದ ಎಳೆದು ಡಿಂಪ್ನಾಳ ಮೂಗಿನ ಮುಂದೆ ಹಿಡಿದ.

"ಓದಮ್ಮಾ ತಾಯಿ, ಜೋರಾಗಿ ಓದು. ನಮ್ಮೂರ ಮಣ್ಣು, ನಮ್ಮೂರ ಮರ ಅಂತ ನಿನ್ನೆ ಗಂಟಲು ಹರ್ಕೊಂಡ್ಯಲ್ಲ!"

ಅದು ಪೋಲೆಂಡಿನ ಯಾವುದೋ ಮರದ ಮಿಲ್ಲಿನ ಮುದ್ರೆ. ಡಿಂಪ್ನಾಳ ಕಿವಿ ಬಿಸಿಯಾಯಿತು. ಕೋಲಿನಿಂದ ಚೆಂಡು ಹೊಡೆದು ಆಡುವ ಹರ್ಲಿಂಗ್ ಆಟದ ಊರ ತಂಡಕ್ಕೆ ಈ ವರ್ಷ ಆಟದ ಕೋಲುಗಳನ್ನು ಎಲ್ಲಿಂದ ತರಿಸಬೇಕೆಂದು ಹಿಂದಿನ ದಿನ ಕ್ಲಬ್ಬಿನಲ್ಲಿ ದೊಡ್ಡ ಜಟಾಪಟಿಯೇ ನಡೆದಿತ್ತು. ಸಮುದ್ರದಾಚೆಯ ಕಾರ್ಖಾನೆಯ ಪ್ಲಾಸ್ಟಿಕ್ ಕೋಲು ಅರ್ಧ ಬೆಲೆಗೆ ಬರುತ್ತದೆ, ಮುರಿಯುವುದೂ ಇಲ್ಲ ಎಂದು ತರಬೇತುದಾರ ಕಾಹಲ್. ನಾನು ಬದುಕಿರುವ ತನಕ ನಮ್ಮ ಹುಡುಗರು ಪರದೇಶದ ಕೋಲು ಮುಟ್ಟುವುದಿಲ್ಲ ಎಂದು ಕಾರ್ಯದರ್ಶಿ ಡಿಂಪ್ನಾ. ಒಂದೇ ಒಂದು ಮತದಿಂದ ಗೆದ್ದು ರಾಣಿಯ ಹಾಗೆ ಮನೆಗೆ ಹೋದವಳು, ಬೆಳಗಾಗುತ್ತಲೇ ಕೋಲು ಮಾಡುವ ಜಾರ್ಲತ್‌ನ ಅಂಗಡಿಗೆ ಬಂದಿದ್ದಳು. ಸೋತವನೂ ಹೊಟ್ಟೆಯುರಿ ತಾಳದೆ ಬೆನ್ನಿಗೇ ಬಂದಿದ್ದ.

"ಜಾರ್ಲತ್, ಇದೇನೋ?" ಎಂದಳು ಡಿಂಪ್ನಾ.

"ಆಶ್ ಮರದ ಹಲಗೆ" ಎಂದ ಜಾರ್ಲತ್, ಕೋಲಿನ ಮೇಲೆ ಉಜ್ಜುತ್ತಿದ್ದ ಕೈ ನಿಲ್ಲಿಸದೆ. "ಪೋಲೆಂಡಿಂದು."

"ಎಷ್ಟು ವರ್ಷದಿಂದ ಈ ಕಥೆ?"

"ನಮ್ಮ ಮರಗಳಿಗೆ ರೋಗ ಬಂದಾಗಿಂದ. ನೀವ್ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ."

ಆ ಮಾತು ಡಿಂಪ್ನಾಳಿಗೆ ನಾಟಿತು. ಹೊಸ ಕೋಲು ಕೈಗೆ ಬಂದರೆ 'ಯಾವ ಹೊಲದ ಮರ?' ಎಂದು ಕೇಳುವುದು ಆ ಊರಿನ ವಾಡಿಕೆ. ಫಾಹಿ ಮನೆತನದವರ ಹೊಲದ್ದು, ಹಳ್ಳದ ದಂಡೆಯದ್ದು ಎಂದು ಹೇಳಿಕೊಂಡು ತಿರುಗುವುದೇ ಒಂದು ಜಂಬ. ಕೋಲಿಗೆ ಆಗಿಬರುವ, ರಸ್ತೆಯ ಇಕ್ಕೆಲದ ಆಶ್ ಮರಗಳು ಒಣಗಿ ನಿಂತ ಮೇಲೆ ಎಲ್ಲರೂ ಆ ಪ್ರಶ್ನೆಯನ್ನೇ ಮರೆತಂತೆ ಇದ್ದುಬಿಟ್ಟಿದ್ದರು. ಅವಳೂ ಕೇಳಿರಲಿಲ್ಲ. ಉತ್ತರದ ಭಯ ಅವಳಿಗೂ ಇತ್ತು.

"ಹಾಗಾದ್ರೆ ಮುಗೀತು. ಇವನು ತರಿಸೋದೂ ಆಚೆಯಿಂದ, ನಾನು ತರಿಸೋದೂ ಆಚೆಯಿಂದ. ನಂದು ಅಗ್ಗ" ಎಂದ ಕಾಹಲ್. "ಸಂಜೆ ಮತ್ತೆ ಸಭೆ ಕರೆದು ಕೈ ಎತ್ತಿಸ್ತೀನಿ. ಪಾಪ, ನೀನು ಮುಖ ಎಲ್ಲಿಟ್ಕೋತೀಯೋ!"

ಜಾರ್ಲತ್ ಕೈಯ ಹೊಟ್ಟು ಕೊಡವಿಕೊಂಡ. "ಬನ್ನಿ ಇಬ್ರೂ. ಬೈಯೋದಾದ್ರೆ ಪೂರ್ತಿ ನೋಡಿ ಬೈರಿ."

ಅಂಗಡಿಯ ಹಿಂದೆ ಅವನಪ್ಪನ ಕಾಲದ ಆಶ್ ತೋಪಿತ್ತು. ಈಗ ಮೊಂಡು ಬುಡಗಳಷ್ಟೇ ಉಳಿದಿದ್ದವು. ಬುಡಗಳ ನಡುವೆ ಸಸಿಗಳು ಸಾಲಾಗಿ ನಿಂತು ಗಾಳಿಗೆ ಬಳುಕುತ್ತಿದ್ದವು.

"ಸ್ಮಶಾನದ ಮೂಲೇಲಿ ಒಂದು ಮರ ಸಾಯ್ಲಿಲ್ಲ ನೋಡಿ, ಅದರ ಬೀಜ" ಎಂದ ಜಾರ್ಲತ್. "ಇವು ಕೋಲಾಗೋಕೆ ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ನಾನು ಆ ಮರದ ಕೆಳಗೇ ಮಲಗಿರ್ತೀನಿ. ಆದ್ರೆ ಅಲ್ಲೀವರೆಗೂ ಅಂಗಡಿ ಬಾಗಿಲು ತೆಗೆದಿರ್ಬೇಕು, ಕೋಲು ಕೆತ್ತೋ ಕೈ ಊರಲ್ಲಿ ಉಳೀಬೇಕು. ಕೈಯೇ ಹೋದ್ಮೇಲೆ ಮರ ಬೆಳೆದು ಏನ್ ಸುಡೋದಾ? ಅದಕ್ಕೇ ಪೋಲೆಂಡಿನ ಹಲಗೆ."

ಡಿಂಪ್ನಾಳ ಎದೆ ತುಂಬಿ ಬಂತು. ನಿನ್ನೆ ಗೆದ್ದಾಗಲೂ ಅವಳಿಗೆ ತನ್ನ ಊರಿನ ಬಗ್ಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

"ಕಾಹಲ್, ಸಂಜೆ ಸಭೆ ಕರಿ. ಮರ ಪೋಲೆಂಡಿಂದು ಅಂತ ನಾನೇ ಎದ್ದು ನಿಂತು ಹೇಳ್ತೀನಿ. ದಿನಾ ಅಷ್ಟು ಚಹಾ ಕುಡೀತೀಯಲ್ಲ, ಅದೇನು ನಮ್ಮ ಗಾಲ್ವೇ ಗುಡ್ಡದಲ್ಲಿ ಬೆಳೀತಾ? ಆದ್ರೂ 'ನಮ್ಮಮ್ಮನ ಚಹಾ' ಅಂತ ಬಾಯಿ ಚಪ್ಪರಿಸ್ತೀಯ. ಕೋಲು ಮಾಡಿಸೋದು ಇವನ ಹತ್ರಾನೇ. ಕೈ ಎತ್ತಿಸು, ಯಾರು ಎತ್ತಲ್ವೋ ನೋಡ್ತೀನಿ!"

ಕಾಹಲ್ ಆಗಲೇ ಒಂದು ಸಸಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಮತ್ತೆ ಜೋಡಿಸಲಾರದಷ್ಟು ಮುರಿದ ಒಂದೊಂದು ಹಳೆಯ ಆಟದ ಕೋಲನ್ನು ಜಾರ್ಲತ್ ಪ್ರತಿ ಸಸಿಗೂ ಊರುಗೋಲಾಗಿ ನೆಟ್ಟಿದ್ದ. ಅವನೆದುರಿನ ಕೋಲಿನ ಹಿಡಿಗೆ ಹಸಿರು ಪಟ್ಟಿ ಸುತ್ತಿತ್ತು.

"ಇದು ನಂದಲ್ವಾ?"

"ನಿಂದೇ. ನೀನು ಆಡ್ತಿದ್ದ ಕಾಲದಲ್ಲಿ ಫೈನಲ್‌ನಲ್ಲಿ ಕೊನೇ ಚೆಂಡು ತಡೆದು ಮುರ್ಕೊಂಡ್ಯಲ್ಲ, ಅದೇ."

ಆ ಚೆಂಡು ತಡೆದದ್ದಕ್ಕೇ ಜಿಲ್ಲೆಯ ಕಪ್ ಊರಿಗೆ ಬಂದಿತ್ತು. ಕೋಲು ತನ್ನ ಸೋದರಮಾವನ ಹೊಲದ ಮರದ್ದು ಎಂದು ಕಾಹಲ್ ಪಬ್ಬಿನಲ್ಲಿ ಇಂದಿಗೂ ಕೊಚ್ಚಿಕೊಳ್ಳುತ್ತಿದ್ದ.

"ಇದು ಯಾವ..." ಎಂದವನು ಅರ್ಧಕ್ಕೇ ನಿಲ್ಲಿಸಿದ.

"ಪೂರ್ತಿ ಕೇಳು" ಎಂದಳು ಡಿಂಪ್ನಾ.

"ಯಾವ ಹೊಲದ ಮರ?"

"ಪೋಲೆಂಡಿಂದು" ಎಂದ ಜಾರ್ಲತ್.

ಕಾಹಲ್ ಸಸಿಯನ್ನು ತನ್ನ ಕೋಲಿಗೆ ಒರಗಿಸಿ, ಗಾಳಿಗೆ ಬಿಚ್ಚಿಕೊಂಡಿದ್ದ ದಾರವನ್ನು ಎಳೆದು ಕಟ್ಟತೊಡಗಿದ.

"ಅಷ್ಟು ಬಿಗಿ ಬೇಡ ಮಾರಾಯ" ಎಂದ ಜಾರ್ಲತ್. "ಅದು ದಪ್ಪ ಆಗ್ಬೇಕಲ್ಲ."