ಅಪ್ಪ ಮಾಡಿದ ಮಂಚ

ಮಗಳು ಬರುವುದರೊಳಗೆ ಬಡಗಿಯನ್ನು ಸಾಗಹಾಕಬೇಕಿತ್ತು. ಅವನೋ, ಕೊನೆಯ ಸ್ಕ್ರೂ ಬಿಗಿ ಮಾಡಿದ ಮೇಲೂ ಹೊರಡುವ ಲಕ್ಷಣವಿಲ್ಲ. ಮಂಚದ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಿದ್ದ.

“ಗಟ್ಟಿ ಇದೆ ಬಿಡು, ಹೊರಡಿನ್ನು,” ಎಂದ ಅಪ್ಪ, ಕಿಟಕಿಯಿಂದ ಬೀದಿಯ ಕಡೆ ಒಂದು ಕಣ್ಣಿಟ್ಟು.

“ಇರಿ ಸಾರ್. ಮಂಚ ಮಾಡೋದೇನೂ ಕಷ್ಟ ಆಗ್ಲಿಲ್ಲ, ನೀವು ಹೊಡೆದಿದ್ದ ಮೊಳೆ ಕೀಳೋದ್ರಲ್ಲೇ ಸುಸ್ತಾಗಿಹೋಯ್ತು. ಒಂದು ಮಂಚಕ್ಕೆ ಇಷ್ಟೊಂದು ಮೊಳೆ ಯಾರಾದ್ರೂ ಹೊಡೀತಾರಾ?” ಬಡಗಿ ನಗುತ್ತ ಚೀಲ ಹೆಗಲಿಗೇರಿಸಿದ.

“ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗು ಪುಣ್ಯಾತ್ಮ.”

ಬಡಗಿ ಹೋದ ಮೇಲೆ ಅಪ್ಪ ಕೋಣೆ ಗುಡಿಸಿದ, ಆದರೆ ಪೂರ್ತಿ ಗುಡಿಸಲಿಲ್ಲ. ಒಂದಿಷ್ಟು ಮರದ ಹೊಟ್ಟನ್ನು ಮಂಚದ ಬುಡದಲ್ಲೇ ಬಿಟ್ಟ. ತನ್ನ ಸುತ್ತಿಗೆಯನ್ನು ಕಣ್ಣಿಗೆ ಬೀಳುವಂತೆ ಕಿಟಕಿಯಲ್ಲಿಟ್ಟ. ಹೆಬ್ಬೆರಳಿನ ಪಟ್ಟಿ ಮಾತ್ರ ಅಸಲಿಯೇ. ಮಂಚವನ್ನು ತಾನೇ ಮಾಡುತ್ತೇನೆಂದು ಹೊರಟಾಗ ಆದ ಗಾಯ ಅದು. ಎಡಗಡೆ ಸರಿ ಮಾಡಿದರೆ ಮಂಚ ಬಲಕ್ಕೆ ವಾಲುತ್ತಿತ್ತು, ಬಲಗಡೆ ಸರಿ ಮಾಡಿದರೆ ನಡುವೆ ಕುಸಿಯುತ್ತಿತ್ತು. ಕೊನೆಗೆ ಜೀವಮಾನದಲ್ಲಿ ಮೊದಲ ಸಲ ಬಡಗಿಯೊಬ್ಬನ ನಂಬರು ಒತ್ತಿ, ಅವನು ಎತ್ತುವ ಮೊದಲೇ ಕಟ್ ಮಾಡಿ, ಮತ್ತೆ ಒತ್ತಿದ್ದ.

ಹೆಂಡತಿ ಬಿಟ್ಟುಹೋಗಿ ಎರಡು ವರ್ಷವಾಗಿತ್ತು. ಮಗಳು ಈ ಬಾಡಿಗೆ ಮನೆಗೆ ಬಂದಾಗಲೆಲ್ಲ ಒಂದು ಲೋಟ ಹಾಲು ಕುಡಿದು, ಗಡಿಯಾರ ನೋಡಿ ಹೊರಟುಬಿಡುತ್ತಿದ್ದಳು. ಇವತ್ತು ಮೊದಲ ಸಲ ರಾತ್ರಿ ಉಳಿಯಲು ಒಪ್ಪಿದ್ದಳು. ಅವಳಿಗೆಂದೇ ಒಂದು ಮಂಚ, ಅದೂ ಅಪ್ಪನ ಕೈಯಿಂದಲೇ ಆದದ್ದು ಇದ್ದರೆ, ಆಗಾಗ ಬಂದು ಮಲಗಿಯಾಳು ಎಂಬ ಆಸೆ ಅವನದು. ಸಂಜೆಯಾದರೆ ಈ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಹೆಂಡತಿ ಎಂದಿನಂತೆ ಗೇಟಿನ ಹತ್ತಿರವೇ ಮಗಳನ್ನು ಇಳಿಸಿ, ಕತ್ತೆತ್ತಿಯೂ ನೋಡದೆ ಹೊರಟುಹೋದಳು. ಹತ್ತು ವರ್ಷದ ಮಗಳು ಚೀಲ ತಬ್ಬಿಕೊಂಡು ಕೋಣೆಯ ಬಾಗಿಲಲ್ಲಿ ನಿಂತಳು.

“ನನಗಾ ಇದು?”

“ಮತ್ತಿನ್ಯಾರಿಗೆ?”

“ತುಂಬಾ ಚೆನ್ನಾಗಿದೆ.” ಮರದ ಮೇಲೆ ಕೈಯಾಡಿಸಿದಳು. ಅಷ್ಟರಲ್ಲಿ ಕಿಟಕಿಯ ಸುತ್ತಿಗೆ ಕಂಡಿತು, ಅಪ್ಪನ ಹೆಬ್ಬೆರಳು ಕಂಡಿತು. ಕೈ ಹಿಂದಕ್ಕೆ ತೆಗೆದುಕೊಂಡಳು. “ನೀನೇ ಮಾಡಿದ್ದಾ ಅಪ್ಪಾ?”

“ಮೊದಲಿನಿಂದ ಕೊನೇವರೆಗೂ ನಾನೇ,” ಎಂದ ಅಪ್ಪ, ಬಲು ಜಂಭದಿಂದ.

ಮಗಳು ಚೀಲವನ್ನು ಮಂಚದ ಮೇಲಿಡದೆ ಗೋಡೆಗೆ ಒರಗಿಸಿದಳು. “ಒಂದು ಚಾಪೆ ಇದ್ಯಾ ಅಪ್ಪಾ? ನಂಗೆ ನೆಲದ ಮೇಲೆ ಮಲಗಿದ್ರೇನೇ ನಿದ್ದೆ ಬರೋದು.”

“ಅಮ್ಮನ ಮನೇಲಿ ಮಂಚದ ಮೇಲೇ ತಾನೇ ಮಲಗೋದು?”

“ಅದು ಅಂಗಡಿಯಿಂದ ತಂದಿದ್ದು,” ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಅವಳ ಹುಬ್ಬಿನ ಮೇಲೊಂದು ಗೀರಿತ್ತು. ಹಳೆಯ ಮನೆಯಲ್ಲಿ ಅಪ್ಪ ಅವಳಿಗೆಂದು ಮಾಡಿದ್ದ ಕುರ್ಚಿಯ ಕಾಲು, ಅವಳು ಕೂತ ಮೊದಲ ದಿನವೇ ಕಳಚಿಕೊಂಡು ಆದದ್ದು. ಮಗುವಿನ ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೂ, “ಬಡಗಿ ಯಾಕೆ, ನಾನೇ ರಿಪೇರಿ ಮಾಡ್ತೀನಿ” ಎಂದು ಅದೇ ಕುರ್ಚಿಗೆ ಮೊಳೆ ಹೊಡೆಯಲು ಕೂತ ಮಹಾನುಭಾವ ಇವನು.

ಅಪ್ಪ ಚಾಪೆ ತಂದು ಹಾಸಿದ. ಮಗಳು ಮಂಚದ ಕಡೆ ಒಮ್ಮೆ ನೋಡಿ, ಅದು ಬಿದ್ದರೂ ತನಗೆ ತಗುಲದಷ್ಟು ದೂರಕ್ಕೆ ಚಾಪೆಯನ್ನು ಎಳೆದುಕೊಂಡಳು.

“ಪುಟ್ಟಿ, ನಾನು ಮಾಡಿದ್ದಲ್ಲ ಅದು. ಬಡಗಿ ಮಾಡಿದ್ದು.”

“ಸುಮ್ನೆ ಹೇಳ್ತೀಯ. ನೀನೆಲ್ಲಾದ್ರೂ ಬಡಗೀನ ಕರೀತೀಯಾ?”

“ನಿನ್ನಾಣೆ. ನಾನು ಶುರು ಮಾಡಿದೆ, ಕೈಲಾಗ್ಲಿಲ್ಲ. ಫೋನ್ ಮಾಡಿದೆ, ಮಾರನೇ ದಿನವೇ ಬಂದ. ಬೇಕಾದ್ರೆ ಬಗ್ಗಿ ನೋಡು, ಒಂದಾದ್ರೂ ಸೊಟ್ಟ ಮೊಳೆ ಇದ್ಯಾ ಅಂತ.”

ಮಗಳು ನಿಜವಾಗಿಯೂ ಬಗ್ಗಿ ನೋಡಿದಳು. ನಂಬಿಕೆ ಬಂದಿರಬೇಕು. ಮೊದಲು ಅಂಗೈಯಿಂದ ಒತ್ತಿದಳು, ಆಮೇಲೆ ಅಂಚಿನಲ್ಲಿ ಕೂತಳು, ಕೊನೆಗೆ ಕಾಲು ಚಾಚಿ ಮಲಗಿಯೇಬಿಟ್ಟಳು. ಮಂಚ ಕಿರ್ ಎನ್ನಲಿಲ್ಲ. ಮರ್ಯಾದೆ ಹೋದರೂ ಮಗಳು ಉಳಿದಳಲ್ಲ ಎಂದು ಅಪ್ಪನಿಗೆ ಜೀವ ಬಂದಂತಾಯಿತು. ಖಾಲಿಯಾದ ಚಾಪೆಯ ಮೇಲೆ ತಾನೇ ಕೂತ.

ಸೂರು ನೋಡುತ್ತ ಮಗಳು ಕೇಳಿದಳು: “ಬಚ್ಚಲುಮನೆ ಸರಿ ಮಾಡೋರೂ ಹೀಗೇ ಫೋನ್ ಮಾಡಿದ್ರೆ ಬರ್ತಾರಾ?”

ಹಳೆಯ ಮನೆಯ ಬಚ್ಚಲನ್ನು ಹೊಸದು ಮಾಡುತ್ತೇನೆ, ಎರಡು ವಾರದ ಕೆಲಸ ಅಷ್ಟೇ ಎಂದು, ಅಪ್ಪನೇ ಒಡೆದು ಹಾಕಿದ್ದ. ತಿಂಗಳುಗಟ್ಟಲೆ ಕಳೆದರೂ ನಲ್ಲಿಯಲ್ಲಿ ನೀರು ಬರಲಿಲ್ಲ. ಯಾರನ್ನಾದರೂ ಕರೆಸಿ ಎಂದು ಹೆಂಡತಿ ಹೇಳಿದಷ್ಟೂ ಇವನ ಹಠ ಹೆಚ್ಚಾಯಿತು. ಅವಳು ದಿನಾ ಬೆಳಿಗ್ಗೆ ಟವೆಲ್ಲು, ಸೋಪಿನ ಡಬ್ಬಿ ತೆಗೆದುಕೊಂಡು, ಮಗಳ ಕೈ ಹಿಡಿದು, ಎರಡು ಬೀದಿಯಾಚೆ ತನ್ನ ತಂಗಿಯ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದಳು. ಒಂದು ದಿನ ಹಾಗೆ ಸ್ನಾನಕ್ಕೆ ಹೋದವಳು ವಾಪಸ್ಸು ಬರಲಿಲ್ಲ.

“ಬರ್ತಾರೆ,” ಎಂದ ಅಪ್ಪ.

ಮಗಳು ಅವನ ಕಡೆ ಹೊರಳಿದಳು.

“ಅವಾಗ ಕರೆದಿದ್ರೂ ಬರ್ತಿದ್ರಾ?”